ಮೂರು ಡಬ್ಬಿ, ಒಂದು ತುಂಡು ಶುಂಠಿ

ಕಳೆದ ಸಂಚಿಕೆಯಲ್ಲಿ ಊಟದ ನಂತರ ಕುಡಿಯುವ ಜೀರಿಗೆ ನೀರಿನ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ನೋಡಿದರೆ ನಾಡಿನ ಅರ್ಧ ಜನಕ್ಕೆ ಹೊಟ್ಟೆಯದೇ ಚಿಂತೆ ಎಂದು ತೋರುತ್ತದೆ. ಉತ್ತರಿಸುವ ಮೊದಲು ಒಂದು ಮಾತು. ನಾನು ವೈದ್ಯನಲ್ಲ. ಮೈಸೂರಿನ ಸಂತೆಪೇಟೆಯಲ್ಲಿ ನಮ್ಮ ತಂದೆಯವರಿಟ್ಟ ಗ್ರಂಥಿಗೆ ಅಂಗಡಿಯ ತಕ್ಕಡಿಯ ಹಿಂದೆ 41 ವರ್ಷ ಕುಳಿತವನು. ಪಂಡಿತರು ಬರೆದುಕೊಟ್ಟ ಚೀಟಿ ಓದಿ, ತೂಗಿ, ಪೊಟ್ಟಣ ಕಟ್ಟಿದ್ದೇನೆ. ಸಾಮಾನಿನ ಗುಣ, ಕಲಬೆರಕೆ, ವಾಸನೆ ಇಷ್ಟರ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ. ಅದರಾಚೆಗಿನದನ್ನು ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ಪೇಟೆಯಿಂದ ಜೀರ್ಣಕ್ಕೆ ಒಳ್ಳೆಯದೆಂಬ ಗಿಡಮೂಲಿಕೆ ಚಹಾ ತಂದೆ. 20 ಚೀಲಕ್ಕೆ 360 ರೂಪಾಯಿ. ಮೇಲೆ 14 ಸಾಮಾನುಗಳ ಹೆಸರಿದೆ. ರಾತ್ರಿ ಕುಡಿದರೆ ಬೆಳಿಗ್ಗೆ ಹೊಟ್ಟೆ ಸಲೀಸು, ಒಂದು ದಿನ ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಇದನ್ನೇ ಮನೆಯಲ್ಲಿ ಮಾಡಿಕೊಳ್ಳಬಹುದೇ? ಚೀಟಿಯನ್ನು ಕತ್ತರಿಸಿ ಕಳಿಸಿದ್ದೇನೆ. (ಗೃಹಿಣಿ, ದಾವಣಗೆರೆ)

ಚೀಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು, ತಾಯಿ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ. ಹನ್ನೊಂದನೆಯ ಹೆಸರು ಸೆನ್ನಾ. ಅಂದರೆ ನಮ್ಮ ಸೋನಾಮುಖಿ ಸೊಪ್ಪು. ನಿಮ್ಮ ಹೊಟ್ಟೆಯನ್ನು ಸಲೀಸು ಮಾಡುತ್ತಿರುವುದು ಅದೊಂದೇ. ಉಳಿದ 13 ಹೆಸರು ಅದಕ್ಕೆ ಹಿಡಿದ ಛತ್ರಿ. ಸೋನಾಮುಖಿ ಭೇದಿಯ ಮದ್ದು. ನಮ್ಮ ಅಂಗಡಿಯಲ್ಲಿ ಪಂಡಿತರ ಚೀಟಿ ಇಲ್ಲದೆ ಅದನ್ನು ತಂದೆಯವರು ಕೊಡುತ್ತಿರಲಿಲ್ಲ. ಕೊಟ್ಟರೂ ನಾಲ್ಕೈದು ದಿನಕ್ಕೆ ಆಗುವಷ್ಟು ಮಾತ್ರ. ಅದನ್ನು ಚಹಾ ಎಂದು ತಿಂಗಳುಗಟ್ಟಲೆ ಕುಡಿಯುವುದು ಸರಿಯಲ್ಲ. ಮಲಬದ್ಧತೆಯೇ ನಿಮ್ಮ ತೊಂದರೆಯಾದರೆ ಅದರ ಕಾರಣ ಬೇರೆ ಇರಬಹುದು, ವೈದ್ಯರಿಗೆ ತೋರಿಸಿ.

ಊಟವಾದ ಮೇಲೆ ಹೊಟ್ಟೆ ಭಾರ, ಉಬ್ಬರ, ತೇಗು ಇಂಥವಕ್ಕೆ ಹಿತವಾದ ಪಾನೀಯ ಬೇಕೆಂದರೆ ನಿಮ್ಮ ಒಗ್ಗರಣೆ ಡಬ್ಬಿಯ ಆಚೆ ಹೋಗಬೇಕಾಗಿಲ್ಲ. ಜೀರಿಗೆ 25 ಗ್ರಾಂ, ದನಿಯ 25 ಗ್ರಾಂ, ಸೋಂಪು 25 ಗ್ರಾಂ, ಒಣಶುಂಠಿ 5 ಗ್ರಾಂ. ಇಷ್ಟೇ. ಒಬ್ಬರಿಗೆ ದಿನಕ್ಕೆ ಒಂದು ಲೋಟದಂತೆ ಮೂರು ವಾರ ದಾಟುತ್ತದೆ. ಏಲಕ್ಕಿ ಇದ್ದರೆ ನಾಲ್ಕು ಕಾಯಿ, ಸಿಪ್ಪೆಸಮೇತ. ಇಲ್ಲದಿದ್ದರೆ ಕೊರತೆಯೇನಿಲ್ಲ.

ಜೀರಿಗೆ ಕೊಂಡಾಗ ಒಂದು ಚಿಟಿಕೆ ಅಂಗೈಯಲ್ಲಿ ಹಾಕಿಕೊಂಡು ಗಟ್ಟಿಯಾಗಿ ಉಜ್ಜಿ. ಅಂಗೈ ಕಪ್ಪಾದರೆ ಅದು ಇದ್ದಿಲ ಪುಡಿಯಲ್ಲಿ ಹೊರಳಿಸಿದ ಹುಲ್ಲಿನ ಬೀಜ. ಸೋಂಪಿನಲ್ಲಿ ಕಣ್ಣಿಗೆ ಹೊಡೆಯುವ ಪಾಚಿ ಹಸಿರು ಬೇಡ. ಬಣ್ಣ ಸ್ವಲ್ಪ ಮಾಸಿದ್ದರೂ ಹಲ್ಲಿಗೆ ಸಿಕ್ಕಾಗ ಸಿಹಿ ಒಸರಬೇಕು. ಒಣಶುಂಠಿ ಕೆಲವು ಕಡೆ ಬೆಳ್ಳಗೆ ಹೊಳೆಯುತ್ತದೆ, ಅದು ಸುಣ್ಣ. ಹುಳು ಹಿಡಿಯದಿರಲಿ ಎಂದು ಬಳಿಯುತ್ತಾರೆ. ಚಾಕುವಿನಿಂದ ಹೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗಿಟ್ಟು ಬಳಸಿ. ಸುಮಾರು ಐದು ಕಿಲೊ ಹಸಿಶುಂಠಿ ಒಣಗಿದರೆ ಒಂದು ಕಿಲೊ ಒಣಶುಂಠಿ ಬರುತ್ತದೆ. ಖಾರ ಮಾತ್ರ ಒಣಗುವುದಿಲ್ಲ, ಹೆಚ್ಚುತ್ತದೆ. ಹಸಿಶುಂಠಿಯ ಜಿಂಜರಾಲ್ ಒಣಗುವಾಗ ಅದಕ್ಕಿಂತ ಖಾರವಾದ ಶೋಗಾಲ್ ಆಗುತ್ತದೆಂದು ಓದಿದವರು ಹೇಳುತ್ತಾರೆ. ನಾಲಿಗೆಗೆ ಅದು ಮೊದಲೇ ಗೊತ್ತಿತ್ತು. ಅದಕ್ಕೇ 5 ಗ್ರಾಂ ಎಂದೆ. ಕೈ ಜಾರಿ 25 ಮಾಡಬೇಡಿ.

ಜೀರಿಗೆ ಮತ್ತು ದನಿಯವನ್ನು ದಪ್ಪ ತಳದ ಬಾಣಲೆಯಲ್ಲಿ ಬೆಚ್ಚಗೆ ಮಾಡಿ. ಹುರಿಯಬೇಡಿ. ಸಾರಿನ ಪುಡಿಗೆ ಹುರಿದಂತೆ ಕಂದು ಬಣ್ಣ ಬಂದರೆ ರುಚಿ ಬರುತ್ತದೆ, ಹಸಿ ಪರಿಮಳ ಹೋಗುತ್ತದೆ. ಕೈಗೆ ಸುಡುವಷ್ಟಾದರೆ ಸಾಕು, ಇಳಿಸಿ. ಸೋಂಪನ್ನು ಬೆಂಕಿಗೆ ತೋರಿಸುವುದೇ ಬೇಡ. ಶುಂಠಿಯನ್ನು ಮೊದಲು ಕುಟ್ಟಾಣಿಯಲ್ಲಿ ಜಜ್ಜಿ. ಇಡೀ ಗೆಡ್ಡೆಯನ್ನು ಮಿಕ್ಸಿಗೆ ಹಾಕಿ ಅಲಗು ಮುರಿದುಕೊಂಡವರ ಪಟ್ಟಿಯಲ್ಲಿ ನಮ್ಮ ಸೊಸೆಯೂ ಇದ್ದಾಳೆ. ಆಮೇಲೆ ಎಲ್ಲವನ್ನೂ ಸೇರಿಸಿ ತರಿತರಿಯಾಗಿ ಕುಟ್ಟಿ. ಒಂದು ಜೀರಿಗೆ ಎರಡು ಮೂರು ಚೂರಾದರೆ ಸಾಕು. ನುಣ್ಣಗೆ ಪುಡಿ ಮಾಡಿದರೆ ಲೋಟದ ತಳದಲ್ಲಿ ಕೆಸರು ಕೂರುತ್ತದೆ, ಡಬ್ಬಿಯಲ್ಲಿ ವಾಸನೆ ಬೇಗ ಹಾರಿಹೋಗುತ್ತದೆ.

ಒಂದು ಲೋಟ, ಅಂದರೆ ಸುಮಾರು 200 ಮಿಲಿ ನೀರು ಕುದಿ ಬರಲಿ. ಒಲೆ ಆರಿಸಿ. ಒಂದು ಟೀ ಚಮಚದಷ್ಟು ತರಿ ಹಾಕಿ ತಟ್ಟೆ ಮುಚ್ಚಿ, ಎಂಟು ಹತ್ತು ನಿಮಿಷ ಬಿಡಿ, ಸೋಸಿ. ತಟ್ಟೆ ಮುಚ್ಚುವುದನ್ನು ಮರೆಯಬೇಡಿ. ಜೀರಿಗೆ, ಸೋಂಪು, ದನಿಯ ಮೂರರ ಗುಣವೂ ಹಾರಿಹೋಗುವ ಎಣ್ಣೆಯಲ್ಲಿದೆ. ತೆರೆದ ಪಾತ್ರೆಯಲ್ಲಿ ಗಳಗಳ ಕುದಿಸಿದಾಗ ಅಡುಗೆಮನೆಯೆಲ್ಲ ಘಮಘಮಿಸುತ್ತದಲ್ಲ, ನೀವು ದುಡ್ಡು ಕೊಟ್ಟು ತಂದದ್ದು ಕಿಟಕಿಯಿಂದಾಚೆ ಹೋಗುತ್ತಿದೆ ಎಂದು ಅದರರ್ಥ. ಹತ್ತು ನಿಮಿಷದ ನಂತರ ತಟ್ಟೆ ಎತ್ತಿ ಅದರ ಅಡಿ ನೋಡಿ, ಹನಿ ಕಟ್ಟಿರುತ್ತದೆ. ಆ ಹನಿಯನ್ನೂ ಲೋಟಕ್ಕೇ ಬಗ್ಗಿಸಿಕೊಳ್ಳಿ.

ಪ್ರಶ್ನೆ: ಕಚೇರಿಯಲ್ಲಿ ಮಧ್ಯಾಹ್ನ ಊಟ ಮಾಡಿದರೆ ನಾಲ್ಕು ಗಂಟೆಗೆ ಹೊಟ್ಟೆ ಡೋಲಿನಂತಾಗುತ್ತದೆ. ಅಲ್ಲಿ ಒಲೆ ಇಲ್ಲ, ಬಿಸಿನೀರಿನ ಯಂತ್ರ ಮಾತ್ರ ಇದೆ. ನನಗೆ ಆಗುವ ಕಷಾಯ ಯಾವುದು? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಒಲೆ ಬೇಕಾಗಿಯೇ ಇಲ್ಲ. ಆಯುರ್ವೇದದಲ್ಲಿ ಐದು ಬಗೆಯ ಕಷಾಯ ಹೇಳಿದ್ದಾರೆ: ಹಿಂಡಿದ ರಸ ಸ್ವರಸ, ಅರೆದದ್ದು ಕಲ್ಕ, ಕುದಿಸಿ ಬತ್ತಿಸಿದ್ದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಸೋಸಿದ್ದು ಫಾಂಟ. ನಮ್ಮ ಜನ ಕಷಾಯ ಎಂದರೆ ಕ್ವಾಥ ಒಂದೇ ಎಂದುಕೊಂಡು ಎಲ್ಲವನ್ನೂ ಅರ್ಧಕ್ಕೆ ಇಳಿಸುತ್ತಾರೆ. ಬೇರು, ತೊಗಟೆಗಳಿಗೆ ಅದು ಸರಿ. ಪರಿಮಳದ ಬೀಜಗಳಿಗೆ ಫಾಂಟವೇ ಸರಿ. ಅಂದರೆ ನಿಮ್ಮ ಯಂತ್ರದ ಬಿಸಿನೀರು, ಮುಚ್ಚಳವಿರುವ ಫ್ಲಾಸ್ಕು.

ಮೇಲಿನ ಮಿಶ್ರಣಕ್ಕೆ ಅರ್ಧ ಟೀ ಚಮಚ ಓಮ ಸೇರಿಸಿಕೊಳ್ಳಿ, ಇಡೀ ಡಬ್ಬಿಗೆ ಅರ್ಧ ಚಮಚ, ಲೋಟಕ್ಕಲ್ಲ. ಓಮ ಜಗಿದಾಗ ನಾಲಿಗೆ ಜುಮ್ಮೆನಿಸುವುದು ಅದರಲ್ಲಿರುವ ಥೈಮಾಲ್‌ನಿಂದ. ಹೆಚ್ಚಾದರೆ ಉಳಿದ ಮೂರನ್ನೂ ತುಳಿದು ನಿಲ್ಲುತ್ತದೆ.

ಇನ್ನು ನೀವು ಕೇಳದಿರುವ ಮಾತು. ಪತ್ರದ ಕೊನೆಯಲ್ಲಿ, ಊಟ ಏಳು ನಿಮಿಷದಲ್ಲಿ ಮುಗಿಯುತ್ತದೆ, ಜೊತೆಗೆ ಸೋಡಾ ಇರುತ್ತದೆ ಎಂದು ಬರೆದಿದ್ದೀರಿ. ಗಬಗಬ ನುಂಗುವಾಗ ಅನ್ನದ ಜೊತೆ ಗಾಳಿಯನ್ನೂ ನುಂಗುತ್ತೀರಿ, ಮೇಲೆ ಗ್ಯಾಸ್ ತುಂಬಿದ ನೀರು ಹೊಯ್ಯುತ್ತೀರಿ. ಡೋಲಿಗೆ ಗಾಳಿ ಬಂದದ್ದೆಲ್ಲಿಂದ ಎಂದು ನನ್ನನ್ನು ಕೇಳುತ್ತೀರಿ! ಸೋಡಾ ಬಿಟ್ಟು, ಏಳನ್ನು ಇಪ್ಪತ್ತು ನಿಮಿಷ ಮಾಡಿ. ಹದಿನೈದು ದಿನ ನೋಡಿ, ಆಮೇಲೂ ಬೇಕೆನಿಸಿದರೆ ಕಷಾಯ.

ಪ್ರಶ್ನೆ: ಮಲೆನಾಡಿನ ಕಷಾಯ ನನಗಿಷ್ಟ. ಆದರೆ ಹಾಲು ಹಾಕಿದೊಡನೆ ಒಡೆಯುತ್ತದೆ. ಏಕೆ? (ಶಿಕ್ಷಕಿ, ಚಾಮರಾಜನಗರ)

ಈ ಪ್ರಶ್ನೆಯನ್ನು ಸಾಗರದ ಕಡೆಯವರಾದ ನನ್ನ ಹೆಂಡತಿಗೆ ಒಪ್ಪಿಸಿದೆ. ಮದುವೆಯಾದ ಹೊಸತರಲ್ಲಿ ಅವರು ಕಾಫಿಯ ಬದಲು ಕಷಾಯ ಕೊಟ್ಟಾಗ ನಾನು ಅಂಗಡಿಯ ವಾಸನೆ ಮನೆಗೂ ಬಂತೇ ಎಂದು ಗೊಣಗಿದ್ದೆ. ಈಗ ಸಂಜೆ ಐದಕ್ಕೆ ಅದು ಬಾರದಿದ್ದರೆ ಗೊಣಗುತ್ತೇನೆ.

ಅವರ ಉತ್ತರ ಹೀಗಿದೆ. ಬೆಲ್ಲದ ಜೊತೆ ಹಾಲು ಕುದಿಸಿದ್ದೇ ತಪ್ಪು. ಬೆಲ್ಲದಲ್ಲಿ ಹುಳಿಯ ಅಂಶ ಇರುತ್ತದೆ, ಹಳೆಯ ಬೆಲ್ಲವಾದರೆ ಇನ್ನೂ ಹೆಚ್ಚು. ಹಸಿಶುಂಠಿ ಹಾಕಿದ್ದರೆ ಅದೂ ಹಾಲನ್ನು ಒಡೆಯುತ್ತದೆ. ನೀರಿನಲ್ಲಿ ಪುಡಿ, ಬೆಲ್ಲ ಹಾಕಿ ಕುದಿಸಿ, ಇಳಿಸಿ, ಕೈ ತಾಗಿಸುವಷ್ಟು ಆರಲಿ. ಹಾಲನ್ನು ಬೇರೆಯಾಗಿ ಕಾಯಿಸಿಟ್ಟು ಕೊನೆಗೆ ಬೆರೆಸಿ. ಮತ್ತೆ ಒಲೆಯ ಮೇಲಿಡಬೇಡಿ. ಅವರ ತವರಿನ ಪುಡಿಯಲ್ಲಿ ದನಿಯ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಕಾಳುಮೆಣಸು ಅರ್ಧ ಪಾಲು, ಮೆಂತ್ಯ ಕಾಲು ಪಾಲು, ಶುಂಠಿ ಕಾಲು ಪಾಲು, ಜಾಯಿಕಾಯಿ ತೇಯ್ದರೆ ಎರಡು ಸುತ್ತು. ಮೆಂತ್ಯವನ್ನು ಮಾತ್ರ ಕೆಂಪಗೆ ಹುರಿಯಬೇಕು, ಇಲ್ಲದಿದ್ದರೆ ಕಹಿ. ಜಾಯಿಕಾಯಿಗೆ ಎರಡೇ ಸುತ್ತು, ಹೆಚ್ಚಾದರೆ ತಲೆ ತಿರುಗುತ್ತದೆ.

ಇದು ಕುದಿಸುವ ಕಷಾಯ, ನಾನು ಮೇಲೆ ಹೇಳಿದ್ದಕ್ಕೆ ವಿರುದ್ಧ. ಕೇಳಿದ್ದಕ್ಕೆ, "ನಿಮ್ಮದು ಮದ್ದು, ನಮ್ಮದು ಕಾಫಿಯ ತಂಗಿ" ಎಂದರು. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ಹಾಲಿಲ್ಲದೆ ಕುಡಿಯಲಿ. ವಯಸ್ಸಾದಂತೆ ಹಾಲಿನ ಸಕ್ಕರೆ ಅರಗದವರು ನಮ್ಮಲ್ಲಿ ಬಹಳ ಮಂದಿ.

ಪ್ರಶ್ನೆ: ಹುಳಿತೇಗು, ಎದೆಯುರಿ. ಪುದೀನ ತಂಪು ಎಂದು ಮನೆಯ ಕುಂಡದಲ್ಲೇ ಬೆಳೆದು, ರಾತ್ರಿ ಊಟದ ಮೇಲೆ ಪುದೀನ, ಶುಂಠಿ, ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ. ಉರಿ ಹೆಚ್ಚಾಗಿದೆ. (ನಿವೃತ್ತ ನೌಕರ, ಹುಬ್ಬಳ್ಳಿ)

ಪುದೀನ ಬಾಯಿಗೆ ತಂಪು. ಆದರೆ ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಬಿಗಿಯಾಗಿ ಮುಚ್ಚಿಕೊಳ್ಳುವ ಒಂದು ಸ್ನಾಯು ಇದೆ, ಪುದೀನ ಅದನ್ನು ಸಡಿಲ ಮಾಡುತ್ತದೆ. ಉಬ್ಬರದವರಿಗೆ ಇದರಿಂದ ಹಾಯೆನಿಸಬಹುದು. ನಿಮ್ಮಂಥವರಿಗೆ ಬಾಗಿಲು ತೆರೆದಂತಾಗಿ ಹುಳಿ ಮೇಲೇರುತ್ತದೆ. ಕುಂಡದ ಪುದೀನ ಚಟ್ನಿಗಿರಲಿ, ಅದೂ ಮಧ್ಯಾಹ್ನಕ್ಕೆ. ಶುಂಠಿ, ಮೆಣಸನ್ನೂ ಸದ್ಯಕ್ಕೆ ಬಿಡಿ.

ನಿಮಗೆ ಹಿಮ ಒಗ್ಗಬಹುದು. ರಾತ್ರಿ ಎರಡು ಟೀ ಚಮಚ ದನಿಯವನ್ನು ಜಜ್ಜಿ, ಒಂದು ಲೋಟ ಕುಡಿಯುವ ನೀರಿನಲ್ಲಿ ನೆನೆಹಾಕಿ ಮುಚ್ಚಿಡಿ. ಬೆಳಿಗ್ಗೆ ಸೋಸಿ, ಬೇಕೆಂದರೆ ಸ್ವಲ್ಪ ಕಲ್ಲುಸಕ್ಕರೆ ಹಾಕಿ ಕುಡಿಯಿರಿ. ಬೆಂಕಿಯೇ ಕಾಣದ ಈ ನೀರಿನಲ್ಲಿ ದನಿಯ ಕಿತ್ತಳೆ ಸಿಪ್ಪೆಯಂತೆ ಪರಿಮಳಿಸುತ್ತದೆ. ಸಾರಿನ ಪುಡಿಯ ದನಿಯವೇ ಇದು ಎಂದು ಅನುಮಾನ ಬರುವಷ್ಟು. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ವಾಂತಿಯಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರೂ ಕಷಾಯದ ಮಾತೇ ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಒಂದು ಸಂಜೆ ನಮ್ಮ ಅಂಗಡಿಗೆ ಐವತ್ತೈದರ ಆಸುಪಾಸಿನ ಒಬ್ಬರು ಬಂದು, ಎದೆಯಲ್ಲಿ ಗ್ಯಾಸ್ ನಿಂತಿದೆ, 50 ಗ್ರಾಂ ಓಮ ಕೊಡಿ ಎಂದರು. ಡಿಸೆಂಬರಿನ ಚಳಿ, ಅವರ ಅಂಗಿ ಬೆನ್ನಿಗೆ ಅಂಟಿತ್ತು. ಎಡಗೈಯನ್ನು ಬಲಗೈ ಒತ್ತುತ್ತಿತ್ತು. ಓಮ ತೂಗಲಿಲ್ಲ. ಅಂಗಡಿಯ ಹುಡುಗನ ಜೊತೆ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಗ್ಯಾಸ್ ಅಲ್ಲ, ಹೃದಯ. ಮೂರು ತಿಂಗಳ ನಂತರ ಬಂದು, ಅಂದು ತೂಗದ ಓಮವನ್ನು ಕೊಂಡೊಯ್ದರು.

ಪ್ರಶ್ನೆ: ತಾಯಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಕಷಾಯಕ್ಕೆ ಬೆಲ್ಲದ ಬದಲು ಜ್ಯೇಷ್ಠಮಧು ಹಾಕಿದರೆ ಸಿಹಿಯೂ ಆಯಿತು, ಹೊಟ್ಟೆಗೂ ಒಳ್ಳೆಯದಲ್ಲವೇ? (ಓದುಗ, ತಿಪಟೂರು)

ಬೇಡ. ಈ ತಪ್ಪನ್ನು ನಾನೇ ಮಾಡಿದ್ದೇನೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಅರವತ್ತಾದ ವರ್ಷ ವೈದ್ಯರು ಸಕ್ಕರೆ ಕಡಿಮೆ ಮಾಡಿ ಎಂದರು. ಅಂಗಡಿಯಲ್ಲಿ ಗೋಣಿಗಟ್ಟಲೆ ಜ್ಯೇಷ್ಠಮಧು ಇಟ್ಟುಕೊಂಡವನಿಗೆ ಬೇರೇನು ಹೊಳೆದೀತು! ಬೆರಳುದ್ದದ ಕಡ್ಡಿಯನ್ನು ಜಜ್ಜಿ ಫ್ಲಾಸ್ಕಿಗೆ ಹಾಕುವುದು, ದಿನವಿಡೀ ಗುಟುಕರಿಸುವುದು. ಜೊತೆಗೊಂದು ಕಡ್ಡಿ ಬಾಯಲ್ಲಿ. ಗಿರಾಕಿಗಳಿಗೂ ಬೋಧನೆ. ಮೂರು ತಿಂಗಳಾಗುವಷ್ಟರಲ್ಲಿ ಸಂಜೆ ಚಪ್ಪಲಿ ಬಿಚ್ಚಿದರೆ ಪಾದದ ಮೇಲೆ ಪಟ್ಟಿಯ ಅಚ್ಚು ಆಳವಾಗಿ ಮೂಡಿರುತ್ತಿತ್ತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲ. ಅದುವರೆಗೆ 130 ದಾಟದ ರಕ್ತದೊತ್ತಡ 170ಕ್ಕೆ ಏರಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. ವೈದ್ಯೆ ಚಿಕ್ಕ ವಯಸ್ಸಿನವರು. ಮಾತ್ರೆ ಬರೆಯುವ ಮೊದಲು, ದಿನವೂ ಏನೇನು ತಿನ್ನುತ್ತೀರಿ, ಕುಡಿಯುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಜ್ಯೇಷ್ಠಮಧು ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ, ಒತ್ತಡ ಏರಿಸುತ್ತದೆ ಎಂದು ವಿವರಿಸಿದರು. ಬಿಟ್ಟ ಮೇಲೆ ಕೆಲವು ವಾರಗಳಲ್ಲಿ ಇಳಿಯಿತು. 41 ವರ್ಷ ತೂಗಿ ಮಾರಿದ ಕಡ್ಡಿಯ ಬಗ್ಗೆ ಮೂವತ್ತರ ಹೆಣ್ಣುಮಗಳಿಂದ ಪಾಠ ಹೇಳಿಸಿಕೊಂಡು ಬಂದೆ.

ಆದ್ದರಿಂದ ನಿಮ್ಮ ತಾಯಿಯವರಿಗೆ ಜ್ಯೇಷ್ಠಮಧು ಬೇಡವೇ ಬೇಡ. ಕಷಾಯಕ್ಕೆ ಸೋಂಪನ್ನು ಒಂದಿಷ್ಟು ಹೆಚ್ಚಿಸಿ, ಅದರದ್ದೇ ಸಿಹಿ ಸಾಕು. ಮೆಂತ್ಯ ಹಾಕುವುದಿದ್ದರೆ ಅವರ ವೈದ್ಯರಿಗೆ ತಿಳಿಸಿ. ಅದು ಸಕ್ಕರೆಯನ್ನು ಇಳಿಸುವ ಗುಣವುಳ್ಳದ್ದು, ಮಾತ್ರೆಯೂ ಸೇರಿದರೆ ಹೆಚ್ಚು ಇಳಿಯಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಮನೆಯವರಿದ್ದರೆ ಶುಂಠಿಯ ಬಗ್ಗೆಯೂ ಇದೇ ಮಾತು. ಬಸುರಿಯರು ಮೆಂತ್ಯದ ಕಷಾಯ, ಸೋನಾಮುಖಿ, ಜ್ಯೇಷ್ಠಮಧು ಮೂರನ್ನೂ ತಮ್ಮಷ್ಟಕ್ಕೆ ಕುಡಿಯಬಾರದು.

ಪ್ರಶ್ನೆ: ನಾಲ್ಕು ತಿಂಗಳ ಮೊಮ್ಮಗುವಿಗೆ ಹೊಟ್ಟೆನೋವು. ಓಮದ ನೀರಿಗೆ ಜೇನು ಬೆರೆಸಿ ಕೊಡಲೇ? (ಅಜ್ಜಿ, ಮಂಡ್ಯ)

ಕೊಡಬೇಡಿ, ಅಮ್ಮ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ನೀರೂ ಬೇಡ. ಜೇನು ಒಂದು ವರ್ಷ ತುಂಬುವವರೆಗೆ ಬೇಡ, ಅದರಿಂದ ಕೂಸುಗಳಿಗೆ ಪ್ರಾಣಾಪಾಯವಾಗುವ ವಿಷಬಾಧೆ ಬರಬಹುದು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಅಳು ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಓಮದ ನೀರನ್ನು ನೀವು ಕುಡಿಯಿರಿ.

ಪ್ರಶ್ನೆ: ಇಲ್ಲಿನ ಅಂಗಡಿಯಲ್ಲಿ 'ಕ್ಯುಮೆಲ್' ಎಂದು ಬರೆದಿದ್ದ ಪೊಟ್ಟಣವನ್ನು ಜೀರಿಗೆ ಎಂದು ತಂದು ಕಷಾಯ ಮಾಡಿದೆ. ಜೀರಿಗೆಯ ವಾಸನೆಯೇ ಇಲ್ಲ. ಕಲಬೆರಕೆಯೇ? (ಕನ್ನಡಿಗ ವಿದ್ಯಾರ್ಥಿನಿ, ಮ್ಯೂನಿಕ್, ಜರ್ಮನಿ)

ಕಲಬೆರಕೆಯಲ್ಲ, ಹೆಸರಿನ ಮೋಸ. ಜರ್ಮನರ ಕ್ಯುಮೆಲ್ ಎಂದರೆ ಕ್ಯಾರವೇ. ನಮ್ಮ ಕಡೆ ಶಾಜೀರಿಗೆ ಎಂದು ಮಾರುವುದರ ಹತ್ತಿರದ ನೆಂಟ. ನಮ್ಮ ಜೀರಿಗೆಗೆ ಅಲ್ಲಿ 'ಕ್ರೊಯ್ಟ್ಸ್‌ಕ್ಯುಮೆಲ್' ಎನ್ನುತ್ತಾರೆ. ತಂದದ್ದನ್ನು ಎಸೆಯಬೇಡಿ. ಸೋಂಪು, ಅನಿಸ್, ಕ್ಯಾರವೇ ಮೂರನ್ನು ಸಮನಾಗಿ ಬೆರೆಸಿ ಹೊಟ್ಟೆಯುಬ್ಬರಕ್ಕೆ ಕುಡಿಯುವ ಚಹಾ ಅಲ್ಲಿ ಔಷಧದಂಗಡಿಗಳಲ್ಲೂ ದಿನಸಿ ಅಂಗಡಿಗಳಲ್ಲೂ ಸಿಗುತ್ತದೆ. ಸಂತೆಪೇಟೆಯಲ್ಲಿ ಜೀರಿಗೆ, ಸೋಂಪು, ದನಿಯ. ಅಲ್ಲಿಯೂ ಅದೇ ವಂಶದ ಮೂರು ಬೀಜಗಳು. ನಿಮ್ಮ ಕೊಠಡಿಯ ಜರ್ಮನ್ ಗೆಳತಿಯನ್ನು ಕೇಳಿದರೆ ಅವರ ಅಜ್ಜಿಯೂ ಲೋಟಕ್ಕೆ ತಟ್ಟೆ ಮುಚ್ಚುತ್ತಿದ್ದರೇ ಇಲ್ಲವೇ ಎಂದು ತಿಳಿಯಬಹುದು. ತಿಳಿದರೆ ನನಗೂ ಬರೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಕಷಾಯದ ತರಿ ಮುದ್ದೆಯಾಗುತ್ತದೆ. (ಓದುಗಿ, ಮಂಗಳೂರು)

ನಿಮ್ಮೂರಿನ ಜೂನ್‌ನಲ್ಲಿ ಉಪ್ಪೇ ನೀರಾಗುತ್ತದೆ, ತರಿ ಯಾವ ಲೆಕ್ಕ! ಆ ನಾಲ್ಕು ತಿಂಗಳು ಬೀಜಗಳನ್ನು ಇಡಿಯಾಗಿಯೇ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಟ್ಟು, ವಾರಕ್ಕಾಗುವಷ್ಟೇ ಕುಟ್ಟಿಕೊಳ್ಳಿ. ಒದ್ದೆ ಚಮಚ ಒಳಗೆ ಹೋಗಬಾರದು. ಬಾಟಲಿಯನ್ನು ಒಲೆಯ ಪಕ್ಕದ ಹಲಗೆಯ ಮೇಲೆ ಇಡಬೇಡಿ, ಅನ್ನದ ಹಬೆ ಅಲ್ಲಿಗೇ ಹೋಗುತ್ತದೆ. ಬೂಷ್ಟು ಕಂಡರೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಯೋಚನೆ ಬೇಡ, ಎಸೆದುಬಿಡಿ. ಬೂಷ್ಟಿಲ್ಲದೆ ವಾಸನೆ ಮಾತ್ರ ಹೋಗಿದ್ದರೆ ಕರಿಬೇವಿನ ಗಿಡದ ಬುಡಕ್ಕೆ ಹಾಕಿ.